ಮನೇಲೇ ಪಾಠವಂತೆ, ಮೇಷ್ಟ್ರು ಯಾರಂತೆ?

"ಹಿಂದಿನ ಮನೆ ಮಗೂನ ಸ್ಕೂಲಿಗೆ ಹಾಕಲ್ವಂತೆ ಕಣ್ರೀ!"

ಕಾಂಪೌಂಡಿನ ಆ ಕಡೆಯಿಂದ ಟೀಚರಮ್ಮ ಸುದ್ದಿ ದಾಟಿಸಿದರು. ನಮ್ಮ ಕುವೆಂಪುನಗರದಲ್ಲಿ ಪೇಪರಿನವನಿಗಿಂತ ಮೊದಲು ಸುದ್ದಿ ತರುವುದು ಈ ಗೋಡೆ.

"ಯಾಕಂತೆ? ಸೀಟು ಸಿಗಲಿಲ್ವಾ?"

"ಸೀಟಿಗೇನ್ ಬಂತು, ದುಡ್ಡು ಕೊಟ್ರೆ ಸೋಫಾನೇ ಕೊಡ್ತಾರೆ. ಮನೇಲೇ ಕಲಿಸ್ತಾರಂತೆ. ಹೋಂಸ್ಕೂಲಿಂಗ್ ಅಂತಾರಂತೆ ಅದಕ್ಕೆ."

ಟೀಚರಮ್ಮನ 'ಅಂತಾರಂತೆ' ಬರೀ ನಾಟಕ. ಹೆಗ್ಗಡದೇವನಕೋಟೆ ಕಡೆಯ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳ ಮೂಗು ಒರೆಸುತ್ತಲೇ ರಿಟೈರಾದವರು ಅವರು. ಮಕ್ಕಳ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಕಡಿಮೆ, ಗೊತ್ತಿಲ್ಲದವರಂತೆ ಕೇಳುವ ಚಪಲ ಮಾತ್ರ ಜಾಸ್ತಿ.

ಮಗುವಿಗೆ ಈಗಿನ್ನೂ ನಾಲ್ಕೂವರೆ. ನಮ್ಮ ಸರ್ಕಾರದ ಲೆಕ್ಕದಲ್ಲಿ ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. (2025-26ನೇ ಸಾಲಿಗೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಿದರು, ಎಷ್ಟೋ ಅಪ್ಪಂದಿರ ಬಿಪಿಯೂ ಜೊತೆಗೇ ಇಳಿಯಿತು.) ಅಂದಮೇಲೆ ಸ್ಕೂಲಿನ ಮಾತು ಏಳುವುದಕ್ಕೇ ಇನ್ನೂ ಟೈಮಿದೆ. ಆದರೆ ನಮ್ಮ ರಸ್ತೆಯಲ್ಲಿ ಎರಡೂವರೆಗೆ ಪ್ಲೇಹೋಂ, ಮೂರೂವರೆಗೆ ಎಲ್‌ಕೆಜಿ. ನಾಲ್ಕೂವರೆಯ ಮಗು ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲಿ ಇರುವೆ ನೋಡುತ್ತ ಕೂತರೆ ಹೋಗುವವರು ಬರುವವರೆಲ್ಲ "ಹುಷಾರಿಲ್ವಾ?" ಅಂತ ಕೇಳುತ್ತಾರೆ.

ಆ ಮಗುವಿನ ಅಮ್ಮ ಬುದ್ಧಿವಂತ ಹುಡುಗಿ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರು, ಇಬ್ಬರದೂ ಮನೆಯಿಂದಲೇ ಕೆಲಸ. ನಾವಿಬ್ಬರು ಮುದುಕಿಯರು ಮೆತ್ತಗೆ ವಿಚಾರಿಸಿದ್ದಕ್ಕೆ ಮುನಿಸಿಕೊಳ್ಳದೆ ಸಂಪಿಗೆ ಮರದ ಕೆಳಗೆ ನಿಂತು ವಿವರಿಸಿದಳು. "ನಾವು ಮೊದಲು ಮಾಂಟೆಸರಿ ಮಾಡಿದ್ವಿ ಆಂಟಿ." ಮಗುವಿನ ಎತ್ತರಕ್ಕೆ ಮರದ ಕಪಾಟು, ಅದರಲ್ಲೊಂದು ಟ್ರೇ, ಟ್ರೇಯಲ್ಲಿ ಎರಡು ಪುಟ್ಟ ಜಗ್ಗು. ಒಂದರಿಂದ ಇನ್ನೊಂದಕ್ಕೆ ಕಾಳು ಸುರಿಯಬೇಕು, ಚೆಲ್ಲಿದರೆ ತಾನೇ ಆರಿಸಬೇಕು. ಎಲ್ಲ ಆನ್‌ಲೈನಿನಲ್ಲಿ ತರಿಸಿದ್ದು. ಬೆಲೆ ಕೇಳಿ ಟೀಚರಮ್ಮ ಗೋಡೆ ಹಿಡಿದುಕೊಂಡರು.

"ಅಯ್ಯೋ ನನ್ ತಾಯಿ, ಈಗ ಸೊಗಡವರೆ ಕಾಲ. ಒಂದು ಮೊರ ಮುಂದಿಟ್ಟು ಕಾಳು ಹಿತುಕು ಅನ್ನು. ಮಗೂಗೆ ಬೆರಳಿನ ಕೆಲಸವೂ ಆಯ್ತು, ನಿಂಗೆ ಸಾರೂ ಆಯ್ತು."

ಹುಡುಗಿ ನಕ್ಕಳು. ಆದರೆ ಮಾರಿಯಾ ಮಾಂಟೆಸರಿ ಇದ್ದಿದ್ದರೆ ಟೀಚರಮ್ಮನ ಕಡೆಗೇ ವೋಟು ಹಾಕುತ್ತಿದ್ದರು ಅಂತ ನನ್ನ ಎಣಿಕೆ. 1907ರಲ್ಲಿ ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಆಕೆ ಮೊದಲ 'ಮಕ್ಕಳ ಮನೆ' ತೆರೆದಾಗ ಬಂದವು ದುಡಿದು ತಿನ್ನುವವರ ಮಕ್ಕಳು. ಗುಡಿಸುವುದು, ಒರೆಸುವುದು, ಕೈ ತೊಳೆಯುವುದು, ಗುಂಡಿ ಹಾಕಿಕೊಳ್ಳುವುದು ಇವೇ ಅಲ್ಲಿ ಪಾಠ. ಅಕ್ಷರವನ್ನು ಮರಳುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿ ಬೆರಳಿಂದ ಸವರಿಸುತ್ತಿದ್ದರು. ನಮ್ಮ ಕೂಲಿಮಠದ ಐಗಳೂ ಮರಳ ಮೇಲೆ ಬೆರಳಿಂದಲೇ ತಿದ್ದಿಸಿದವರು. ವ್ಯತ್ಯಾಸ ಇಷ್ಟೇ, ಐಗಳ ಇನ್ನೊಂದು ಕೈಯಲ್ಲಿ ಬೆತ್ತ ಇರುತ್ತಿತ್ತು. ಈ ತಾಯಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಟೀಚರುಗಳಿಗೆ ತರಬೇತಿ ಕೊಡಲು ಬಂದರು. ಬಂದ ಮೇಲೆ ಮಹಾಯುದ್ಧ ಜೋರಾಯಿತು, ಇಟಲಿಯವರೆಂದು ಬ್ರಿಟಿಷರು ನಿರ್ಬಂಧ ಹೇರಿದರು, 1946ರವರೆಗೆ ವಾಪಸು ಹೋಗಲಾಗಲಿಲ್ಲ. ನಡುವೆ ಕೊಡೈಕೆನಾಲಿನಲ್ಲೂ ಇದ್ದರು. ಹತ್ತಿರದ ತಮಿಳುನಾಡಿನಲ್ಲಿ ಅಷ್ಟು ವರ್ಷ ಕಳೆದವರ ಪದ್ಧತಿಯನ್ನು ನಾವು ಇವತ್ತು ಡಬ್ಬದಲ್ಲಿ ಕೊರಿಯರ್ ತರಿಸಿಕೊಳ್ಳುತ್ತಿದ್ದೇವೆ.

ಆಮೇಲೆ ಗಂಡ ಎಲ್ಲೋ ವಾಲ್ಡಾರ್ಫ್ ಬಗ್ಗೆ ಓದಿದ. ತಗೋ, ಅಕ್ಷರದ ಹಲಗೆಗಳೆಲ್ಲ ಅಟ್ಟ ಹತ್ತಿದವು. ರುಡಾಲ್ಫ್ ಸ್ಟೈನರ್ ಎಂಬಾತ 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಶುರುಮಾಡಿದ ಶಾಲೆಯ ದಾರಿ ಅದು. ಮಗುವಿನ ಹಾಲುಹಲ್ಲು ಬೀಳುವ ವಯಸ್ಸಿನವರೆಗೆ ಓದು ಬರಹ ಬೇಡ, ಕಥೆ, ಹಾಡು, ಬಣ್ಣ, ಮರದ ಆಟಿಕೆ ಸಾಕು ಅನ್ನುತ್ತಾರೆ. ಆ ಶಾಲೆ ಹುಟ್ಟಿದ್ದು ಒಂದು ಸಿಗರೇಟು ಕಾರ್ಖಾನೆಯ ನೌಕರರ ಮಕ್ಕಳಿಗಾಗಿ, ಕಾರ್ಖಾನೆಯ ಹೆಸರೇ ಪದ್ಧತಿಗೂ ಅಂಟಿಕೊಂಡಿತು. ಆ ಜರ್ಮನಿಯಲ್ಲಿ ಇವತ್ತು ಆರು ದಾಟಿದ ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆಂದರೆ ದಂಡ ಹಾಕುತ್ತಾರೆ. ಇಲ್ಲಿ ನಮ್ಮ ಹುಡುಗ ಅಲ್ಲಿಯ ಮರದ ಆಟಿಕೆ ತರಿಸಲು ಹೊರಟಿದ್ದ. ಚನ್ನಪಟ್ಟಣ ಎರಡು ಗಂಟೆ ದಾರಿ ಅಂತ ಟೀಚರಮ್ಮನೇ ನೆನಪಿಸಬೇಕಾಯಿತು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಷಾರ್ಲೆಟ್ ಮೇಸನ್ ಎಂಬ ಇಂಗ್ಲಿಷ್ ಹೆಂಗಸಿನ ದಾರಿ. ಹಿಂದಿನ ಮನೆಯ ಹುಡುಗಿಯ ಮೂರನೇ ಪ್ರಯೋಗ ಅದು. ಮೇಸನ್ ತೀರಿಕೊಂಡು ನೂರು ವರ್ಷ ದಾಟಿತು. ಇಂಗ್ಲೆಂಡಿನ ಆಂಬಲ್‌ಸೈಡ್ ಎಂಬ ಸರೋವರಗಳ ಊರಿನಲ್ಲಿದ್ದುಕೊಂಡು, ಮನೆಯಲ್ಲೇ ಮಕ್ಕಳಿಗೆ ಕಲಿಸುವ ಕುಟುಂಬಗಳಿಗೆ 1891ರಿಂದಲೇ ಅಂಚೆಯಲ್ಲಿ ಪಾಠಪಟ್ಟಿ ಕಳಿಸುತ್ತಿದ್ದವರು. ಆರು ವರ್ಷದವರೆಗೆ ಕ್ರಮಬದ್ಧ ಪಾಠವಿಲ್ಲ. ಹವಾ ಚೆನ್ನಾಗಿದ್ದರೆ ಗಂಟೆಗಟ್ಟಲೆ ಬಯಲಲ್ಲಿರಬೇಕು. ಪಾಠ ಶುರುವಾದ ಮೇಲೂ ಒಂದೊಂದು ಇಪ್ಪತ್ತು ನಿಮಿಷ ದಾಟಬಾರದು. ಕಥೆಯನ್ನು ಒಂದೇ ಸಲ ಓದಿ ಹೇಳುವುದು, ಆಮೇಲೆ ಮಗು ತನ್ನ ಮಾತಿನಲ್ಲಿ ತಿರುಗಿ ಹೇಳುವುದು. ಪ್ರಶ್ನೆ ಇಲ್ಲ, ಬಿಟ್ಟ ಸ್ಥಳ ತುಂಬು ಇಲ್ಲ.

ಹೀಗಾಗಿ ತಾಯಿ ಮಗಳು ಕುಕ್ಕರಹಳ್ಳಿ ಕೆರೆ ಏರಿಗೆ ಹೋಗಿ ಹೆಜ್ಜಾರ್ಲೆ ನೋಡಿ ಬಂದು ಚಿತ್ರ ಬರೆಯತೊಡಗಿದರು. ಚಿತ್ರದಲ್ಲಿ ಹಕ್ಕಿಗಿಂತ ಕೊಕ್ಕೇ ದೊಡ್ಡದು, ನಿಜವಾದ ಹೆಜ್ಜಾರ್ಲೆಯೂ ಹಾಗೇ ಅಲ್ಲವೇ? ಕಥೆಯ ಭಾಗ ನನ್ನ ಪಾಲಿಗೆ ಬಂತು. ಅವರ ಮನೆಯ ಪುಸ್ತಕಗಳೆಲ್ಲ ಇಂಗ್ಲಿಷಿನವು, ಅದರಲ್ಲಿ ಬರುವ ಮೊಲ ಕೋಟು ಹಾಕಿಕೊಳ್ಳುತ್ತದೆ. ನಾನು ಗೋಡೆಯ ಮೇಲಿಂದ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದೆ. ಮಳೆಯಲ್ಲಿ ನೆಂದ ಕಾಗಕ್ಕ ಬಂದು ಕದ ತಟ್ಟಿದಾಗ ಗುಬ್ಬಕ್ಕ ಮಗುವಿಗೆ ನೀರು ಹಾಕುತ್ತಿದ್ದೇನೆ, ತೊಟ್ಟಿಲು ತೂಗುತ್ತಿದ್ದೇನೆ ಅಂತ ಕಾಯಿಸುವ ಕಥೆ ಎಲ್ಲರಿಗೂ ಗೊತ್ತಿರುವುದೇ. ಮಾರನೇ ದಿನ ಮಗು ತಿರುಗಿ ಹೇಳಿತು. "ಕಾಗಕ್ಕ ಬಾಗಿಲು ತಟ್ತು. ಗುಬ್ಬಕ್ಕ ತೆಗೀಲಿಲ್ಲ. ಯಾಕೇಂದ್ರೆ ಗುಬ್ಬಕ್ಕ ಮೀಟಿಂಗಲ್ಲಿದ್ಳು."

ಟೀಚರಮ್ಮ ನನ್ನ ಮುಖ ನೋಡಿದರು. ನಾನು ತೆಂಗಿನ ಮರ ನೋಡಿದೆ.

ಅಷ್ಟರಲ್ಲಿ ಮನೆಯವರು ಅನ್‌ಸ್ಕೂಲಿಂಗ್ ಅನ್ನುವುದಕ್ಕೆ ಬಂದಿದ್ದರು. ಪಾಠಪಟ್ಟಿಯೂ ಬೇಡ, ವೇಳಾಪಟ್ಟಿಯೂ ಬೇಡ, ಮಗು ಕೇಳಿದ್ದಕ್ಕೆ ಉತ್ತರ, ಬಯಸಿದ್ದಕ್ಕೆ ಅವಕಾಶ. ಅಮೆರಿಕದ ಜಾನ್ ಹೋಲ್ಟ್ ತಾನೇ ಶಾಲಾ ಮಾಸ್ತರ. ಕ್ಲಾಸಿನಲ್ಲಿ ಮಕ್ಕಳು ಕಲಿಯುವುದಕ್ಕಿಂತ ಹೆಚ್ಚಾಗಿ ಹೆದರುತ್ತವೆ, ಟೀಚರಿಗೆ ಬೇಕಾದ ಉತ್ತರ ಊಹಿಸುತ್ತ ಕೂರುತ್ತವೆ ಎಂದು 1964ರಲ್ಲಿ ಪುಸ್ತಕ ಬರೆದು, 1977ರಲ್ಲಿ ಮನೆಯಲ್ಲೇ ಕಲಿಸುವವರಿಗೆಂದು ಪತ್ರಿಕೆಯನ್ನೂ ತೆಗೆದ. ಮಾತು ಸುಳ್ಳಲ್ಲ. ಆದರೆ ನಾಲ್ಕೂವರೆ ವರ್ಷದ ಮಗು ದಿನಕ್ಕೆ ಎಷ್ಟು ಸಲ 'ಯಾಕೆ' ಅನ್ನುತ್ತದೆ ಅಂತ ಎಣಿಸಿದವರಿಗೆ ಗೊತ್ತು, ಇದ್ದದ್ದರಲ್ಲಿ ಹೆಚ್ಚು ಮೈಮುರಿಯುವ ಪದ್ಧತಿ ಇದೇ.

"ನೀವು ಏನ್ ಮಾಡ್ತಿದ್ರಿ ಆಂಟಿ, ಸ್ಕೂಲಲ್ಲಿ?" ಅಂತ ಹುಡುಗಿ ಕೇಳಿದ್ದೇ ಕೇಳಿದ್ದು, ಟೀಚರಮ್ಮನ ಕಟ್ಟೆ ಒಡೆಯಿತು. ನಲಿ-ಕಲಿ ಹುಟ್ಟಿದ್ದೇ ಅವರ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಯುನಿಸೆಫ್ ನೆರವಿತ್ತು, ಮಾದರಿ ಆಂಧ್ರದ ರಿಷಿವ್ಯಾಲಿಯದು. ಆಮೇಲೆ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆ ಹೋಯಿತು. ಬೆಂಚಿಲ್ಲ, ನೆಲದ ಮೇಲೆ ಗುಂಪು ಗುಂಪಾಗಿ ಕೂರುವುದು, ಗುಂಪಿಗೆ 'ತಟ್ಟೆ' ಎಂದು ಹೆಸರು. ಒಂದು ತಟ್ಟೆಯ ಮಕ್ಕಳಿಗೆ ಟೀಚರು ಪೂರಾ ಜೊತೆಗಿರಬೇಕು, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತವೆ, ಮತ್ತೊಂದರಲ್ಲಿ ಮಗು ತನ್ನಷ್ಟಕ್ಕೆ ತಾನು ಕಾರ್ಡು ಹಿಡಿದು ಕೂರುತ್ತದೆ. ಎಲ್ಲರೂ ಒಂದೇ ಪುಟದಲ್ಲಿರಬೇಕು ಅನ್ನುವ ಹಟವಿಲ್ಲ. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ.

"ಅಕ್ಷರ ಅ ಆ ಇ ಈ ಅಂತ ಶುರುಮಾಡ್ತಿರಲಿಲ್ಲ ನಾವು. ರ ಗ ಸ ದ ಅ. ಐದೇ ಅಕ್ಷರ. ಬರೆಯೋಕೂ ಸುಲಭ. ಅಷ್ಟು ಬಂದ್ರೆ ಸರ, ಅರಸ, ಅಗಸ, ಗರಗಸ ಎಲ್ಲಾ ಓದ್ತಾವೆ. ಐದಕ್ಷರದಲ್ಲಿ ಓದೋಕೆ ಬಂತು ಅಂತ ಮಗೂಗೆ ಗೊತ್ತಾದ ದಿನ ಅದರ ಮುಖ ನೋಡ್ಬೇಕು ನೀನು!"

ಹುಡುಗಿ ಫೋನಿನಲ್ಲಿ ಬರೆದುಕೊಂಡಳು. ಟೀಚರಮ್ಮ ಇನ್ನೊಂದು ಮಾತು ಸೇರಿಸಿದರು. "ನಿನ್ ಮನೇಲಿ ಎಲ್ಲಾ ತಟ್ಟೆ ಇಡಬಹುದು ಕಣಮ್ಮ, ಗೆಳೆಯರ ತಟ್ಟೆ ಒಂದು ಬಿಟ್ಟು. ಪಕ್ಕದ ಮಗು ಹೇಳಿಕೊಟ್ಟ ಹಾಗೆ ಯಾವ ಟೀಚರಿಗೂ ಹೇಳಿಕೊಡೋಕೆ ಬರಲ್ಲ." ಇದು ಸರಿಯಾದ ಏಟು. ನಮ್ಮ ರಸ್ತೆಯಲ್ಲಿ ಆ ವಯಸ್ಸಿನ ಮಕ್ಕಳು ಎರಡೋ ಮೂರೋ, ಅವೂ ಸಂಜೆ ಅಬಾಕಸ್ ಕ್ಲಾಸಿನಲ್ಲಿ.

ಕಾನೂನಿನ ಭಯ ಹುಡುಗಿಗೂ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರವರೆಗಿನದು, ಹಾಗಾಗಿ ಈ ಮಗುವಿಗೆ ಇನ್ನೂ ಅದರ ಗೊಡವೆಯಿಲ್ಲ. ಆರಾದ ಮೇಲೆ ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ, ಸೇರಿಸದವರಿಗೆ ಏನು ಶಿಕ್ಷೆ ಎಂದು ಮಾತ್ರ ಹೇಳುವುದಿಲ್ಲ. ಮನೆಯಲ್ಲೇ ಕಲಿತವರು 14 ಆದಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು. ದಾರಿ ಮುಚ್ಚಿಲ್ಲ ಅನ್ನುವಷ್ಟು ಸಾಕು.

ಬಟ್ಟೆ ಒಣಹಾಕುವಾಗ ನನಗೆ ಬೇರೆಯೇ ಒಂದು ಯೋಚನೆ ಬಂತು. ಇಷ್ಟೆಲ್ಲ ದಾರಿ ತೋರಿಸಿದವರ ಮನೆಯಲ್ಲಿ ಮಕ್ಕಳಿದ್ದವೇ? ಮೇಸನ್ ಮದುವೆಯೇ ಆಗಲಿಲ್ಲ. ಹೋಲ್ಟ್‌ಗೆ ಮಕ್ಕಳಿರಲಿಲ್ಲ. ಸ್ಟೈನರ್ ಎರಡು ಮದುವೆಯಾದರೂ ಸ್ವಂತ ಮಕ್ಕಳಿಲ್ಲ. ಮಾಂಟೆಸರಿಗೆ 1898ರಲ್ಲಿ ಮಗ ಹುಟ್ಟಿದ, ಬೆಳೆದದ್ದು ಹಳ್ಳಿಯಲ್ಲಿ ಬೇರೆಯವರ ಮನೆಯಲ್ಲಿ. ಮದುವೆಯಾಗದ ತಾಯಿಗೆ ಆಗಿನ ಇಟಲಿಯಲ್ಲಿ ಬೇರೆ ದಾರಿ ಇರಲಿಲ್ಲ, ಆ ಸಂಕಟವನ್ನು ಆಡಿಕೊಳ್ಳಬಾರದು. ಆದರೂ ಹಗಲೂ ರಾತ್ರಿ ಮಗುವನ್ನು ಪಕ್ಕದಲ್ಲಿಟ್ಟುಕೊಂಡು, ಒಲೆ ಮೇಲೆ ಹಾಲಿಟ್ಟು, ಯಾರಿಗೋ ಫೋನಿನಲ್ಲಿ ಉತ್ತರಿಸುತ್ತ ಪದ್ಧತಿ ಕಟ್ಟಿದವರು ಇವರಲ್ಲಿ ಒಬ್ಬರೂ ಇಲ್ಲ.

ಮನೆ ತುಂಬ ಮಕ್ಕಳಿದ್ದೂ ಮನೆಪಾಠದ ಹಟ ಹಿಡಿದವರೆಂದರೆ ಗಾಂಧೀಜಿ. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳನ್ನು ಯುರೋಪಿಯನ್ ಶಾಲೆಗೆ ಸೇರಿಸಲು ಒಪ್ಪಲಿಲ್ಲ. ಕೆಲಕಾಲ ಇಂಗ್ಲಿಷ್ ಗವರ್ನೆಸ್ ಇಟ್ಟರು. ಜೋಹಾನ್ಸ್‌ಬರ್ಗಿನಲ್ಲಿದ್ದಾಗ ಆಫೀಸಿಗೆ ನಡೆದುಹೋಗುತ್ತ ಬರುತ್ತ ದಾರಿಯಲ್ಲೇ ಗುಜರಾತಿಯಲ್ಲಿ ಪಾಠ, ಅದೂ ಜೊತೆಗೆ ಇನ್ಯಾರೂ ಮಾತಿಗೆ ಸಿಕ್ಕದಿದ್ದರೆ. ಮನೆಯಲ್ಲಿ ಪಾಠಕ್ಕೆ ಕೂರಲು ಅವರಿಗೆ ಪುರಸೊತ್ತಿರಲಿಲ್ಲ, ಅದನ್ನು ಆತ್ಮಕಥೆಯಲ್ಲಿ ಅವರೇ ಒಪ್ಪಿದ್ದಾರೆ. ಮಕ್ಕಳಿಗೆ ಈ ಬಗ್ಗೆ ದೂರಿದೆ ಎಂದೂ ಬರೆದಿದ್ದಾರೆ. ಹಿರಿಯ ಮಗ ಹರಿಲಾಲ 1911ರಲ್ಲಿ ಅಪ್ಪನನ್ನು ಬಿಟ್ಟು ಅಹಮದಾಬಾದಿಗೆ ಬಂದ, ಮದುವೆಯಾಗಿ ಮಗುವಾದ ಮೇಲೆ ಮೆಟ್ರಿಕ್ಕಿಗೆ ಓದಲು ಕೂತ. ಗಾಂಧೀಜಿಯ ತತ್ವದಲ್ಲಿ ಕೊರತೆಯಿತ್ತೆಂದು ನಾನು ಹೇಳಲಾರೆ. ಕೊರತೆಯಿದ್ದದ್ದು ವೇಳೆಗೆ.

ಹಿಂದಿನ ಮನೆಯಲ್ಲಿ ವೇಳೆ ಯಾರದು ಅಂತ ಗೊತ್ತಾಗಿದ್ದು ಮೊನ್ನೆ. ತರೀಕೆರೆ ಕಡೆಯಿಂದ ಹುಡುಗನ ಅಮ್ಮನನ್ನು ಕರೆಸಿಕೊಂಡಿದ್ದಾರೆ, ಪಾಪ, ಮಂಡಿನೋವು. ಮಾಂಟೆಸರಿ ನಡೆಯುವಾಗ ಮಗುವಿಗೆ ಕೈತುತ್ತು ಕೊಡಬೇಡಿ ಅಂದರಂತೆ. ವಾಲ್ಡಾರ್ಫಿನಲ್ಲಿ ಸ್ಲೇಟು ಬಳಪ ಕಿತ್ತಿಟ್ಟುಕೊಂಡು ಟಿವಿಯನ್ನೂ ಆರಿಸಿದರಂತೆ. ಮೇಸನ್ ಬಂದಮೇಲೆ, ಸೊಸೆಗೆ ಮೀಟಿಂಗ್ ಇದ್ದ ದಿನವೆಲ್ಲ ಕೆರೆ ಏರಿ ಸುತ್ತುವುದು ಅಜ್ಜಿಯ ಪಾಲು. ಈಗ ಅನ್‌ಸ್ಕೂಲಿಂಗ್, ಮಗು ತಾನಾಗಿ ಕೇಳುವವರೆಗೆ ಏನೂ ಹೇಳಿಕೊಡಬಾರದಂತೆ. ಆಕೆ ಗೋಡೆ ಹತ್ತಿರ ಬಂದು ದನಿ ತಗ್ಗಿಸಿ ಟೀಚರಮ್ಮನನ್ನು ಕೇಳಿದರು, "ನಿಮ್ಮೂರಲ್ಲಿ ಸ್ಕೂಲು ಯಾವಾಗ ತೆರೀತಾರೆ?"

ಆರು ವರ್ಷದವರೆಗೆ ಮಗು ಮನೆಯಲ್ಲಿ ಆಡಿಕೊಂಡಿದ್ದರೆ ಪ್ರಪಂಚ ಮುಳುಗುವುದಿಲ್ಲ ಎಂಬುದು ನನ್ನ ಮತ್ತು ಟೀಚರಮ್ಮನ ಜಂಟಿ ತೀರ್ಪು. ಮಾಂಟೆಸರಿಯೋ ಮೇಸನ್ನೋ, ಯಾವುದಾದರೂ ನಡೆದೀತು. ಆದರೆ ಮನೆಯಲ್ಲಿ ಪುರಸೊತ್ತಿರುವ ದೊಡ್ಡವರೊಬ್ಬರು ಇಲ್ಲದಿದ್ದರೆ, ಬಳಲಿದ ಅಜ್ಜಿಗಿಂತ ಬೀದಿ ತುದಿಯ ಅಂಗನವಾಡಿಯೇ ಮೇಲು. ಅಲ್ಲಿ ಗೆಳೆಯರಾದರೂ ಇರುತ್ತಾರೆ. ಮಗುವಿಗೆ ಮನೆಯಲ್ಲೇ ಕಲಿಸಬೇಕೆಂದು ಹೊರಟಿರುವ ತಂದೆತಾಯಿಗಳೇ, ಪುಸ್ತಕ ಕಪಾಟು ಕೊಳ್ಳುವ ಮೊದಲು ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಗುವಿನ ಜೊತೆ ಯಾರಿರುತ್ತಾರೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಜ್ಜಿಯ ಹೆಸರು ಬರೆಯುವುದಾದರೆ ಅಜ್ಜಿಯನ್ನು ಮೊದಲು ಒಂದು ಮಾತು ಕೇಳಿ.