ಟಂಕಸಾಲೆಯ ತಪ್ಪೋ, ನಮ್ಮ ಸುತ್ತಿಗೆಯೋ?

ನಮ್ಮ ಬೀದಿಯಲ್ಲಿ ಈಚೆಗೆ ಯಾರ ಕೈಗೂ ಸವಕಲು ನಾಣ್ಯ ಸಿಗುತ್ತಿಲ್ಲ. ಸಿಗುವುದೆಲ್ಲ ‘ಮಿಸ್ಟೇಕ್ ಕಾಯಿನ್’ಗಳೇ. ವೈಷ್ಣೋದೇವಿಯ ಚಿತ್ರವಿರುವ 2012ರ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತಾರಂತೆ ಎಂಬ ವಿಡಿಯೊ ಮೊಬೈಲಿಂದ ಮೊಬೈಲಿಗೆ ಹಾರಿದ ಮೇಲೆ ಎಲ್ಲರೂ ಹುಂಡಿ ಒಡೆದು ಕೂತಿದ್ದಾರೆ. ಹಳೇ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿಕೊಂಡು ಬರುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರಲ್ಲಿ ಎಚ್ಚರಿಸಿತ್ತು. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ನನ್ನ ಬಳಿ ಒಂದು ಭೂತಗನ್ನಡಿ ಇದೆ. ಆ ಒಂದೇ ಅಪರಾಧಕ್ಕಾಗಿ ಭಾನುವಾರ ಬೆಳಗಾದರೆ ಗೇಟು ಕಿರ್ ಅನ್ನುತ್ತದೆ.

ನಾಣ್ಯ ಕೆಡುವುದು ಟಂಕಸಾಲೆಯ ಒಳಗೆ, ಇಲ್ಲವೇ ಹೊರಗೆ. ಒಳಗೆ ಕೆಟ್ಟದ್ದಕ್ಕೆ ಸಂಗ್ರಹಕಾರರು ಮುಗಿಬೀಳುತ್ತಾರೆ. ಹೊರಗೆ ಕೆಟ್ಟದ್ದನ್ನು ಬಸ್ ಕಂಡಕ್ಟರೂ ಮುಟ್ಟುವುದಿಲ್ಲ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಯಾವ ಟಂಕಸಾಲೆಯಾದರೂ ಕೆಲಸದ ಕ್ರಮ ಒಂದೇ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸಬೇಕು, ಅದರ ಅಂಚು ಎತ್ತರಿಸಬೇಕು, ಸುತ್ತ ಬಳೆ ಕೂರಿಸಿ ಎರಡು ಅಚ್ಚುಗಳ ನಡುವೆ ಒತ್ತಬೇಕು. ಯಂತ್ರ ತಪ್ಪುವುದಾದರೆ ಇದರಲ್ಲೇ ಎಲ್ಲೋ ತಪ್ಪಬೇಕು. ಮನುಷ್ಯನಿಗೆ ಅಂಥ ಕಟ್ಟುಪಾಡಿಲ್ಲ. ಮೇಜು ಕುಂಟಿದರೆ ಕಾಲಡಿಗೆ ನಾಣ್ಯ, ಡಬ್ಬಿ ಮುಚ್ಚಳ ಎಬ್ಬಬೇಕಾದರೆ ನಾಣ್ಯ, ವಾಷರ್ ಸಿಗದಿದ್ದರೆ ತೂತು ಕೊರೆದ ನಾಣ್ಯ. ಚಿಕ್ಕಂದಿನಲ್ಲಿ ರೈಲು ಹಳಿಯ ಮೇಲೆ ಇಟ್ಟು ಚಪ್ಪಟೆ ಮಾಡಿದ್ದವೂ ಈಗ ‘ಅಪರೂಪದ್ದು ಸಾರ್’ ಎಂಬ ಬಿರುದು ಹೊತ್ತು ನನ್ನ ಜಗಲಿಗೆ ಬರುತ್ತಿವೆ.

ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಒಂದು ಹತ್ತು ರೂಪಾಯಿ ತಂದ. ಸಿಂಹದ ಮುಖಕ್ಕೆ ಅಡ್ಡವಾಗಿ ಗೆರೆ. ‘ಅಚ್ಚೇ ಬಿರುಕು ಬಿಟ್ಟಿದೆ ಸಾರ್’ ಅಂದ. ಅಚ್ಚು ಬಿರುಕು ಬಿಟ್ಟರೆ ಒತ್ತುವಾಗ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ. ನಾಣ್ಯದ ಮೇಲೆ ಮೂಡುವುದು ಉಬ್ಬುಗೆರೆ. ಇವನದು ತಗ್ಗು. ಸಾಲದ್ದಕ್ಕೆ ಕೆರೆದು ಬಂದ ಲೋಹ ಗೆರೆಯ ಎರಡೂ ಬದಿಗೆ ಮೆತ್ತಿಕೊಂಡಿತ್ತು. ‘ಇದು ಸ್ಕ್ರೂಡ್ರೈವರ್ ಕೆಲಸ ಮಾರಾಯ’ ಅಂದೆ. ಅವನು ಏನೂ ಹೇಳದೆ ಜೇಬಿನಿಂದ ಇಣುಕುತ್ತಿದ್ದ ಸ್ಕ್ರೂಡ್ರೈವರನ್ನು ಒಳಕ್ಕೆ ತಳ್ಳಿಕೊಂಡ.

ಅಂಚು ತುಂಡಾದ ನಾಣ್ಯದ ವಿಚಾರ ಇನ್ನೂ ಸ್ವಾರಸ್ಯದ್ದು. ಲಟ್ಟಿಸಿದ ಹಿಟ್ಟಿನಲ್ಲಿ ಡಬ್ಬಿ ಮುಚ್ಚಳದಿಂದ ಪೂರಿ ಕತ್ತರಿಸುವಾಗ, ಹಿಂದೆ ಕತ್ತರಿಸಿದ ಜಾಗದ ಮೇಲೆ ಮುಚ್ಚಳ ಬಿದ್ದರೆ ಒಂದು ಪಕ್ಕ ಚಂದ್ರಾಕಾರದಲ್ಲಿ ಖಾಲಿ ಬರುತ್ತದಲ್ಲ, ಟಂಕಸಾಲೆಯಲ್ಲೂ ಆಗುವುದು ಅದೇ. ಆದರೆ ಬಾಗಿದ ತುಂಡು ಕಂಡಕೂಡಲೇ ಹಿಗ್ಗಬಾರದು. ಸರಿಯಾಗಿ ಅದರ ಎದುರು ದಿಕ್ಕಿನ ಅಂಚನ್ನು ನೋಡಬೇಕು. ಅಂಚು ಎತ್ತರಿಸುವ ಯಂತ್ರದಲ್ಲಿ ಬಿಲ್ಲೆಯ ಒಂದು ಬದಿ ಖಾಲಿಯಿದ್ದರೆ ಎದುರು ಬದಿಗೂ ಒತ್ತಡ ಸಾಲುವುದಿಲ್ಲ. ಹಾಗಾಗಿ ಅಸಲಿ ತಪ್ಪಿನಲ್ಲಿ ಸಾಮಾನ್ಯವಾಗಿ ಅಲ್ಲಿನ ಅಂಚೂ ಮಂಕಾಗಿರುತ್ತದೆ. ಅರ ಹಿಡಿದು ತುಂಡು ಉಜ್ಜುವ ಜಾಣರು ಅಷ್ಟು ದೂರ ಯೋಚಿಸುವುದಿಲ್ಲ.

ಒಬ್ಬ ಪಿಯುಸಿ ಹುಡುಗ ಮಾತ್ರ ಯೋಚಿಸಿದ್ದ. ಅವನ ನಾಣ್ಯದಲ್ಲಿ ಅಕ್ಷರಗಳು ತಿರುಗುಮುರುಗಾಗಿ ತಗ್ಗಿನಲ್ಲಿ ಮೂಡಿದ್ದವು. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನ ಬಿಲ್ಲೆಯ ಮೇಲೆ ತನ್ನದೇ ಮುಖ ಒತ್ತಿದರೆ ಹೀಗಾಗುವುದುಂಟು, ಅಂಥದ್ದಕ್ಕೆ ಒಳ್ಳೇ ಬೆಲೆಯೂ ಉಂಟು. ಆದರೆ ಆ ತಗ್ಗಿನ ಅಕ್ಷರಗಳ ಅಡಿಯಲ್ಲಿ ನಾಣ್ಯದ ಸ್ವಂತ ಅಕ್ಷರಗಳು ಜಜ್ಜಿಹೋಗಿ ಇನ್ನೂ ಇಣುಕುತ್ತಿದ್ದವು. ಎರಡು ನಾಣ್ಯ ಜೋಡಿಸಿ ಬೆಂಚ್ ವೈಸ್‌ಗೆ ಸಿಕ್ಕಿಸಿದ್ದು ಎಂದು ಬೇರೆ ಹೇಳಬೇಕಿರಲಿಲ್ಲ. ‘ಅಂಕಲ್, ಇನ್ನೊಂದನ್ನೂ ತರಲಾ?’ ಎಂದು ಕೇಳಿದ. ಪುಣ್ಯಾತ್ಮ ಜೋಡಿಯನ್ನೂ ಜೋಪಾನವಾಗಿಟ್ಟಿದ್ದ!

ಇದೇ ಜನ ಹತ್ತು ರೂಪಾಯಿ ನಾಣ್ಯ ಕೊಟ್ಟರೆ ‘ನಡೆಯಲ್ಲ’ ಅಂದವರು. ಚಲಾವಣೆಯಲ್ಲಿದ್ದ ಹದಿನಾಲ್ಕು ವಿನ್ಯಾಸಗಳೂ ಅಸಲಿಯೇ ಎಂದು ರಿಸರ್ವ್ ಬ್ಯಾಂಕು 2018ರಲ್ಲಿ ಹೇಳಬೇಕಾಯಿತು. ಆಗ ಖೋಟಾ ಅಂದದ್ದನ್ನೇ ಈಗ ಮಿಸ್ಟೇಕ್ ಅನ್ನುತ್ತಾರೆ.

ಕಡೆಗೆ ಸುತ್ತಿಗೆಗೆ ಸಾಧ್ಯವೇ ಇಲ್ಲದ ತಪ್ಪೊಂದನ್ನು ತಂದವರು ಎದುರುಮನೆಯ ಅಜ್ಜಿ. ಭಾರತದ ನಕಾಶೆಯಿದ್ದ ದುಂಡನೆಯ ಹಳೇ ಎರಡು ರೂಪಾಯಿ. ನಮ್ಮ ನಾಣ್ಯಗಳಲ್ಲಿ ಸಿಂಹವನ್ನು ನೆಟ್ಟಗಿಟ್ಟುಕೊಂಡು ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂಬದಿಯೂ ನೆಟ್ಟಗೆ ಕಾಣಬೇಕು. ಅಜ್ಜಿಯದನ್ನು ಮಗುಚಿದರೆ ಕನ್ಯಾಕುಮಾರಿ ಮೇಲೆ, ಕಾಶ್ಮೀರ ಕೆಳಗೆ! ಒಂದು ಅಚ್ಚು ತಿರುಗಿ ಕೂತಿದ್ದಾಗ ಒತ್ತಿದ ನಾಣ್ಯ. ಹೊರಗೆ ಬಂದ ಮೇಲೆ ಸುತ್ತಿಗೆ, ಅರಗಳ ಕೈಚಳಕಕ್ಕೆ ಇದು ಆಗುವುದಲ್ಲ.

‘ಅಜ್ಜಿ, ಇದು ನಿಜವಾದ ಮಿಸ್ಟೇಕು!’ ಎಂದೆ.

‘ಗೊತ್ತು ಕಣಪ್ಪ. ಅದಕ್ಕೇ ನಿನಗೆ ಚೆನ್ನಾಗಿ ಕಾಣಲಿ ಅಂತ ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ತಿಕ್ಕಿ ತಂದೆ.’

ಭೂತಗನ್ನಡಿಯಲ್ಲಿ ನೋಡಿದೆ. ಸಿಂಹಗಳ ಕೇಸರ ಸವೆದು ನುಣ್ಣಗಾಗಿತ್ತು, ನಕಾಶೆಯ ತುಂಬ ಕೂದಲೆಳೆಯಂಥ ಗೀರುಗಳು. ಟಂಕಸಾಲೆಯ ತಪ್ಪು ಒಂದು ಕಡೆ, ಅದರ ಮೇಲೆ ಅಜ್ಜಿಯ ಆರೈಕೆ. ಕೊಳ್ಳುವವನು ಮೊದಲು ನೋಡುವುದು ಎರಡನೆಯದನ್ನೇ. ಆದ್ದರಿಂದ ನಿಮ್ಮಲ್ಲಿ ಕೈಮುಗಿದು ಕೇಳುವುದಿಷ್ಟೆ: ವಿಚಿತ್ರ ನಾಣ್ಯ ಸಿಕ್ಕರೆ ಅದರ ಕೊಳೆಯ ಸಮೇತ ತನ್ನಿ. ಹುಣಸೆಹಣ್ಣನ್ನು ಸಾರಿಗೆ ಉಳಿಸಿಕೊಳ್ಳಿ.