ಬೈಟ್ ರಾಯರು

ಎಲೆಕ್ಟ್ರಾನಿಕ್ ಸಿಟಿಯ ಪ್ರತಿ ಅಪಾರ್ಟ್‌ಮೆಂಟಿಗೂ ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್, ಟೀವಿಗೆ ಮಾತಾಡುವವರು ಒಬ್ಬರು ಇದ್ದೇ ಇರುತ್ತಾರೆ. ದೊಡ್ಡತೋಗೂರಿನ ಕಡೆ ಇರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಮೂರನೆಯ ಹುದ್ದೆ ರಾಯರದು. ಅವರ ಪೂರ್ತಿ ಹೆಸರು ಮೇಂಟೆನೆನ್ಸ್ ರಸೀದಿಯಲ್ಲಿ ಮಾತ್ರ ಉಳಿದಿದೆ. ವಾಚ್‌ಮನ್ನಿನಿಂದ ಹಾಲಿನ ಹುಡುಗನವರೆಗೆ ಎಲ್ಲರ ಬಾಯಲ್ಲೂ ಅವರು ಬೈಟ್ ರಾಯರು. ಸುದ್ದಿವಾಹಿನಿಯವರು ರಸ್ತೆಯಲ್ಲಿ ಸಿಕ್ಕವರ ಮೂಗಿನ ಕೆಳಗೆ ಮೈಕು ಹಿಡಿದು ಕಿತ್ತುಕೊಳ್ಳುವ ಹತ್ತು ಹದಿನೈದು ಸೆಕೆಂಡಿನ ಮಾತಿಗೆ ಬೈಟ್ ಅನ್ನುತ್ತಾರೆ. ಇಲ್ಲಿಯ ಸಾಫ್ಟ್‌ವೇರ್ ಹುಡುಗರ ಪ್ರಕಾರ ಎಂಟು ಬಿಟ್ ಸೇರಿದರೆ ಒಂದು ಬೈಟ್. ರಾಯರ ಪ್ರಕಾರ ಒಂದು ಗುಂಡಿ, ಒಂದು ಕ್ಯಾಮೆರಾ, ಒಂದು ಇಸ್ತ್ರಿ ಶರ್ಟು ಸೇರಿದರೆ ಒಂದು ಬೈಟ್.

ರಾಯರು ಹುಟ್ಟಿನಿಂದಲೇ ಹೀಗಿರಲಿಲ್ಲ. ಒಂದು ಮಳೆಗಾಲದಲ್ಲಿ ಹೊಸ ರೋಡಿನ ಬಳಿ ನೀರು ನಿಂತು, ಅವರ ಸ್ಕೂಟರ್ ಕೆಟ್ಟು, ಮೊಣಕಾಲವರೆಗೆ ಪ್ಯಾಂಟು ಮಡಿಚಿಕೊಂಡು ತಳ್ಳುತ್ತಿದ್ದಾಗ ಎದುರಾದ ವರದಿಗಾರ್ತಿಯೊಬ್ಬಳು ಎರಡು ಮಾತು ಆಡಿಸಿ, ಕೊನೆಗೆ "ಸಾರ್, ನೀವು ತುಂಬಾ ಟೆಲಿಜೆನಿಕ್" ಅಂದುಬಿಟ್ಟಳು. ಮನೆಗೆ ಬಂದು ಹೇಳಿದಾಗ ಹೆಂಡತಿ ಗಾಬರಿಯಿಂದ, "ಅಯ್ಯೋ, ಅದಕ್ಕೆ ಮಾತ್ರೆ ಇದೆಯೇನ್ರೀ?" ಎಂದರಂತೆ. ಟೀವಿ ಪರದೆಯ ಮೇಲೆ ಒಪ್ಪುವ ಮುಖ ಅಂತಷ್ಟೇ ಅರ್ಥ. ಟೀವಿ ಇನ್ನೂ ಕಣ್ಣು ಬಿಡುತ್ತಿದ್ದ 1930ರ ದಶಕದಲ್ಲಿ ಫೋಟೊಜೆನಿಕ್‌ಗೆ ತಂಗಿಯಾಗಿ ಹುಟ್ಟಿದ ಶಬ್ದ. ನಮ್ಮ ಸೀರಿಯಲ್ ಮಂದಿ "ಒಳ್ಳೆ ಫೇಸ್‌ಕಟ್" ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ಆದರೆ ಮಾತ್ರೆಯ ವಿಚಾರದಲ್ಲಿ ಆ ತಾಯಿ ಹೇಳಿದ್ದು ಸರಿಯೆಂದೇ ನನಗೆ ಈಗ ಅನ್ನಿಸುತ್ತದೆ.

1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಕಾಲಕ್ಕೆ ಟೀವಿಯಲ್ಲಿ ಕಾಣಿಸಿಕೊಳ್ಳಬೇಕಾದರೆ ಹಾಡು ಬರಬೇಕಿತ್ತು, ಇಲ್ಲವೇ ಭತ್ತದ ಬೆಂಕಿರೋಗದ ಬಗ್ಗೆ ಅರ್ಧ ಗಂಟೆ ಮಾತಾಡಲು ಬರಬೇಕಿತ್ತು. 2006ರ ಕೊನೆಗೆ ಟಿವಿ9 ಬಂತು, ಹಿಂದೆಯೇ ಉಳಿದವು ಬಂದವು. ದಿನದ ಇಪ್ಪತ್ನಾಲ್ಕು ಗಂಟೆಯನ್ನೂ ತುಂಬಿಸಬೇಕಾದಾಗ ಹಾಡು ಬಾರದವರಿಗೂ ಬಾಗಿಲು ತೆರೆಯಿತು. ರಾಯರು ಒಳಗೆ ಬಂದದ್ದು ಆ ಬಾಗಿಲಿನಿಂದ.

ಬಂದವರು ಸುಮ್ಮನೆ ಕೂರಲಿಲ್ಲ, ಶಾಸ್ತ್ರ ಕಲಿತರು. ಸಣ್ಣ ಗೆರೆಯ ಶರ್ಟು ಹಾಕಬಾರದು, ಪರದೆಯ ಮೇಲೆ ಗೆರೆಗಳೆಲ್ಲ ಹುಳದಂತೆ ಹರಿದಾಡುತ್ತವೆ. ಅಚ್ಚ ಬಿಳಿ ಬೇಡ, ಮುಖ ಕಪ್ಪಿಡುತ್ತದೆ. ತಿಳಿನೀಲಿ ಕ್ಷೇಮ. ಸೂರ್ಯನಿಗೆ ಬೆನ್ನು ಮಾಡಬಾರದು. ಕ್ಯಾಮೆರಾ ನೋಡಬಾರದು, ವರದಿಗಾರರ ಎಡಗಿವಿ ನೋಡಬೇಕು. ಕಳೆದ ಸಲದ ಜನರಲ್ ಬಾಡಿ ಮೀಟಿಂಗಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯ ವಾಸನೆಯ ಚರ್ಚೆ ನಡೆಯುತ್ತಿದ್ದಾಗ ಎದ್ದು ನಿಂತು, ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಕೆನಡಿ-ನಿಕ್ಸನ್ ಟೀವಿ ಚರ್ಚೆಯ ಕಥೆ ಹೇಳಿದರು. 1960ರ ಸೆಪ್ಟೆಂಬರ್ 26, ಷಿಕಾಗೋ. ಮಂಡಿನೋವಿಗೆ ಆಸ್ಪತ್ರೆ ಸೇರಿ ಸೊರಗಿ ಬಂದಿದ್ದ ನಿಕ್ಸನ್ ಸರಿಯಾಗಿ ಮೇಕಪ್ ಮಾಡಿಸಿಕೊಳ್ಳಲಿಲ್ಲ. ಬೂದು ಗೋಡೆಯ ಮುಂದೆ ಬೂದು ಸೂಟು, ಮನುಷ್ಯ ಗೋಡೆಯೊಳಗೇ ಸೇರಿಹೋದ. ಕೆನಡಿ ಕಡುಬಣ್ಣದ ಸೂಟಿನಲ್ಲಿ ಎದ್ದು ಕಂಡ, ಗೆದ್ದ. "ಹಾಗಾಗಿ ನಮ್ಮ ಕಾಂಪೌಂಡ್ ಗೋಡೆಗೆ ಬೂದು ಬಣ್ಣ ಬೇಡ" ಎಂದು ರಾಯರು ಮುಗಿಸಿದರು. ಎಸ್‌ಟಿಪಿ ವಾಸನೆ ಹಾಗೇ ಇದೆ. ಗೋಡೆ ಈಗ ಹಳದಿ.

ಅವರ ಜೀವನದ ದೊಡ್ಡ ಕೊರಗೂ ಟೀವಿಯದೇ. 2004ರಲ್ಲಿ ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ ಇಲ್ಲಿಗೆ ಬಂದದ್ದು ಪುಸ್ತಕ ಬರೆಯುವುದಕ್ಕಲ್ಲ, ಡಿಸ್ಕವರಿಯವರ ಜೊತೆ ಸಾಕ್ಷ್ಯಚಿತ್ರ ಮಾಡುವುದಕ್ಕೆ. ಇನ್ಫೋಸಿಸ್ಸಿನಲ್ಲಿ ನಂದನ್ ನಿಲೇಕಣಿಯವರು ಆಡಿದ ಒಂದು ಮಾತಿನ ಎಳೆ ಹಿಡಿದು, ಪ್ರಪಂಚ ಚಪ್ಪಟೆಯಾಗಿದೆ ಎಂಬ ಪುಸ್ತಕವನ್ನು ಆಮೇಲೆ ಬರೆದ. "ಅವತ್ತು ನಾನು ಎರಡೇ ಗೋಡೆ ಆಚೆ ಬೇರೆ ಕಂಪನೀಲಿ ಟೆಸ್ಟಿಂಗ್ ಮಾಡ್ತಾ ಕೂತಿದ್ದೆ. ಕ್ಯಾಮೆರಾ ಇತ್ತು, ನನ್ನನ್ನ ಯಾರೂ ಕೇಳ್ಲಿಲ್ಲ" ಎನ್ನುತ್ತಾರೆ ರಾಯರು. ಕೇಳಿದ್ದರೆ ಏನು ಹೇಳುತ್ತಿದ್ದರೋ. ಪ್ರಪಂಚ ಚಪ್ಪಟೆ ಇರಬಹುದು ಸ್ವಾಮಿ, ನೀಲಾದ್ರಿ ರಸ್ತೆ ಅಲ್ಲ ಎಂದಿರುತ್ತಿದ್ದರು, ಸತ್ಯವನ್ನೇ ಹೇಳಿದಂತಾಗುತ್ತಿತ್ತು.

ರಾಯರ ಸುಗ್ಗಿ ಎಂದರೆ 2024ರ ಬೇಸಿಗೆ. ಬೋರ್‌ವೆಲ್ ಬತ್ತಿ, ಸರ್ಕಾರ ಟ್ಯಾಂಕರಿಗೆ ದರ ಕಟ್ಟಿದ ಕಾಲ: ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ಆ ದರಕ್ಕೆ ನೀರು ಕೊಡುವ ಟ್ಯಾಂಕರನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಾಣಲಿಲ್ಲ, ಅದಿರಲಿ. ಒಂದು ಬೆಳಿಗ್ಗೆ ವಾಹಿನಿಯವರು ಬಂದರು. ಬಂದ ಗಳಿಗೆ ಸರಿಯಿರಲಿಲ್ಲ: ಆಗಷ್ಟೇ ಎರಡು ಲೋಡು ಸಂಪಿಗೆ ಬಿದ್ದಿತ್ತು. ಖಾಲಿ ನೀಲಿ ಬಕೆಟ್ಟು ಹಿಡಿದು ರಾಯರು ನಲ್ಲಿ ತಿರುಗಿಸಿದರೆ ನೀರು ಭೋರ್ಗರೆಯಿತು. ಕ್ಯಾಮೆರಾದವನು ನಿರಾಸೆಯಿಂದ ಕ್ಯಾಮೆರಾ ಇಳಿಸಿದ. ರಾಯರು ಒಂದು ಕ್ಷಣ ಯೋಚಿಸಿ, ನಮ್ಮ ಪಂಪ್ ಆಪರೇಟರನ್ನು ಕರೆದು, "ಲೇ, ಮೇನ್ ವಾಲ್ವ್ ಬಂದ್ ಮಾಡೋ" ಎಂದರು. ಮತ್ತೆ ನಲ್ಲಿ ತಿರುಗಿಸಿದರು. ಗೊರ್ ಗೊರ್ ಎಂದು ಗಾಳಿ, ಕೊನೆಗೊಂದು ಹನಿ. ಆ ಹನಿಯನ್ನು ನೋಡಿದ ರಾಯರ ಮುಖ ಹೇಗಿತ್ತೆಂದರೆ, ನನಗೂ ಗಂಟಲು ಕಟ್ಟಿತು. "ತೆರಿಗೆ ಕಟ್ಟೋರು ನಾವು, ಹನಿ ಎಣಿಸೋರೂ ನಾವು!" ಒಂದೇ ಟೇಕು. ಅಷ್ಟರಲ್ಲಿ ಮೂರನೇ ಮಹಡಿಯ ಬಚ್ಚಲಿನಿಂದ ತಲೆಗೆ ಸೀಗೆಪುಡಿ ಹಚ್ಚಿಕೊಂಡಿದ್ದ ಅಜ್ಜಿಯ ಶಾಪ ಕೇಳಿಸತೊಡಗಿತು. ಸಂಜೆ ಟೀವಿಯಲ್ಲಿ ಅದನ್ನು "ಜನರ ಆಕ್ರೋಶ" ಎಂದು ಹಾಕಿದರು.

ನೀರಿನ ಪೂರ್ತಿ ವೃತ್ತಾಂತ ಗೊತ್ತಿದ್ದದ್ದು ಆ ಪಂಪ್ ಆಪರೇಟರಿಗೆ. ಯಾವ ಬೋರು ಎಷ್ಟು ಅಡಿ, ಯಾವ ಮೋಟಾರು ಸುಟ್ಟದ್ದು, ರೀಚಾರ್ಜ್ ಗುಂಡಿಯ ಮೇಲೆ ಯಾರು ಕಾರು ನಿಲ್ಲಿಸುತ್ತಾರೆ ಎಲ್ಲವೂ. ವರದಿಗಾರ ಅವನ ಕಡೆಗೂ ಮೈಕು ತಿರುಗಿಸಿದ್ದ. ಹುಡುಗ ಮೊದಲು ಮೈಕಿನ ಲೋಗೋ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿದ, "ನೀರಿಲ್ಲ ಸಾರ್" ಅಂದ, ನಗು ಬಂತು, ಓಡಿಹೋದ. ಗೊತ್ತಿದ್ದವರಿಗೆ ಟೀವಿ ಒಗ್ಗುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಗೊತ್ತಿದ್ದವರು ಯೋಚಿಸುತ್ತಾ ನಿಲ್ಲುತ್ತಾರೆ, ಯೋಚಿಸುವ ಮುಖವನ್ನು ಹತ್ತು ಸೆಕೆಂಡು ತೋರಿಸುವ ವಾಹಿನಿ ಇನ್ನೂ ಹುಟ್ಟಿಲ್ಲ.

ಇಂಥ ರಾಯರನ್ನು ತಬ್ಬಲಿ ಮಾಡಿದ್ದು ಮೆಟ್ರೊ. ವರ್ಷಗಟ್ಟಲೆ "ಹಳದಿ ಮಾರ್ಗ ಯಾವಾಗ?" ಎಂಬ ಒಂದೇ ಬೈಟಿನಲ್ಲಿ ಅವರ ಸಂಸಾರ ಸಾಗಿತ್ತು. 2025ರ ಆಗಸ್ಟ್ 10ರಂದು ಪ್ರಧಾನಿಗಳೇ ಬಂದು ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ರೈಲಿನಲ್ಲಿ ಕೂತು ಬಂದರು. ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್ ಚಿಲ್ಲರೆ, 16 ನಿಲ್ದಾಣ. ಮರುದಿನ ವರದಿಗಾರ ರಾಯರನ್ನೇ ಹುಡುಕಿಕೊಂಡು ಬಂದು, "ಸಾರ್, ಖುಷಿಯಾಗಿ ಒಂದು ಬೈಟ್ ಕೊಡಿ" ಎಂದ. ರಾಯರು ನಕ್ಕರು. ಹಲ್ಲುನೋವು ಇರಬಹುದೆಂದು ವರದಿಗಾರ ಎರಡು ನಿಮಿಷ ಕಾದ. ಮತ್ತೆ ನಕ್ಕರು. "ಬೇಡ ಬಿಡಿ ಸಾರ್, ರೈಲು ಎಷ್ಟು ಹೊತ್ತಿಗೊಂದು?" ಎಂದು ಅವನು ಕೇಳಿದ್ದೇ ತಡ, ಮುಖಕ್ಕೆ ಕಳೆ ಮರಳಿತು. "ಇಪ್ಪತ್ತೈದು ನಿಮಿಷಕ್ಕೊಂದು! ಇದು ಮೆಟ್ರೊನೋ, ಊರಿಗೆ ಹೋಗೋ ಕೆಂಪು ಬಸ್ಸೋ?" ಓಡುತ್ತಿದ್ದದ್ದು ಮೂರೇ ರೈಲು, ಹಾಗಾಗಿ ಮಾತು ನಿಜವೇ. ಅವತ್ತು ಸಂಜೆ ನಾಲ್ಕು ಸಲ ಬಂತು.

ಆಮೇಲೆ ರೈಲುಗಳು ಹೆಚ್ಚಿ, ಕಾಯುವ ನಿಮಿಷಗಳು ಇಳಿಯುತ್ತಾ ಬಂದ ಹಾಗೆ ರಾಯರೂ ಇಳಿದುಹೋದರು. ಈಗ ಅವರ ಕಣ್ಣು ಚಿರತೆಯ ಮೇಲಿದೆ. 2023ರ ಕೊನೆಗೆ ಸಿಂಗಸಂದ್ರ, ಕೂಡ್ಲು ಗೇಟಿನ ಕಡೆ ಚಿರತೆಯೊಂದು ನಾಲ್ಕೈದು ದಿನ ಓಡಾಡಿ, ಸೆರೆಸಿಕ್ಕ ದಿನವೇ ಪಾಪ ಸತ್ತಿತು. ಅಲ್ಲಿಯ ಅಪಾರ್ಟ್‌ಮೆಂಟಿನವರು ಲಿಫ್ಟಿನ ಮುಂದೆ ನಿಂತು ಕೊಟ್ಟ ಬೈಟುಗಳು ರಾಯರಿಗೆ ಹಿಡಿಸಿಯೇ ಇಲ್ಲ: "ಒಬ್ಬನೂ ಕಣ್ಣು ಅರಳಿಸಲಿಲ್ಲ. ಚಿರತೆ ನೋಡಿದವನ ಮುಖವೇನ್ರೀ ಅದು, ಕೊರಿಯರ್ ನೋಡಿದವನ ಮುಖ." ಮೊನ್ನೆ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಬೇಸ್‌ಮೆಂಟಿನಲ್ಲಿ ದೊಡ್ಡ ಬೆಕ್ಕು ಕಂಡಿತೆಂದು ಬರೆದಾಗ, ಅರಣ್ಯ ಇಲಾಖೆಯ ನಂಬರು ಯಾರ ಬಳಿ ಇದೆ ಎಂದು ಉಳಿದವರು ಕೇಳುತ್ತಿದ್ದರು. ರಾಯರ ಸಂದೇಶ ಎಲ್ಲಕ್ಕಿಂತ ಮೊದಲೇ ಬಂದಿತ್ತು: "ದಯವಿಟ್ಟು ಯಾರೂ ಓಡಿಸಬೇಡಿ. ನೀಲಿ ಶರ್ಟು ಇಸ್ತ್ರಿಯವನ ಹತ್ತಿರ ಇದೆ."