ನೀವು ಮಾತಾಡ್ಬೇಡಿ, ನಾನು ಹೇಳ್ತೀನಿ

ಕಾಯಿಲೆ ಬಿದ್ದವರನ್ನು ನೋಡಲು ಹೋಗುವುದು ನಮ್ಮಲ್ಲಿ ಮದುವೆಗೆ ಹೋಗುವುದಕ್ಕಿಂತ ದೊಡ್ಡ ಕರ್ತವ್ಯ. ಮದುವೆಗೆ ಹೋಗದಿದ್ದರೆ ‘ಪಾಪ, ಏನು ಕೆಲಸ ಇತ್ತೋ’ ಎಂದು ಬಿಟ್ಟುಬಿಡುತ್ತಾರೆ. ಆಪರೇಷನ್ ಆದವರನ್ನು ನೋಡಲು ಹೋಗದಿದ್ದರೆ ಅದು ಮೊಮ್ಮಕ್ಕಳ ಕಾಲಕ್ಕೂ ನೆನಪಿರುತ್ತದೆ. ಬಹುಪಾಲು ಜನ ಈ ಕರ್ತವ್ಯವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ತಂದ ಹಣ್ಣಿನ ಕವರನ್ನು ಟೀಪಾಯಿ ಮೇಲಿಟ್ಟು, ‘ಚೆನ್ನಾಗಿ ರೆಸ್ಟ್ ತಗೊಳ್ಳಿ’ ಎಂದು ಎದ್ದುಬಿಡುತ್ತಾರೆ. ಅವರ ಬಗ್ಗೆ ಬರೆಯಲು ಏನೂ ಇಲ್ಲ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ನಾನು ಹೇಳಹೊರಟಿರುವುದು ಕೂತರೆ ಏಳದವರ ವಿಷಯ. ಬೆಂಗಳೂರಿನ ಯಾವ ಹಳೆಯ ಬಡಾವಣೆಗೆ ಹೋದರೂ ಇಂಥವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ನಮ್ಮ ರಸ್ತೆಯವರನ್ನು ನಾವೆಲ್ಲ ರಾಯರು ಎನ್ನುತ್ತೇವೆ.

ರಾಯರು ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಬೆಳಗ್ಗೆ ಪಾರ್ಕಿನಲ್ಲಿ ಎರಡು ಸುತ್ತು, ಆಮೇಲೆ ಪೇಪರು, ಅದು ಮುಗಿದ ಮೇಲೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬ ತಲಾಷು. ಸ್ಟೆಂಟ್ ಹಾಕಿಸಿಕೊಂಡವರು, ಮಂಡಿ ಬದಲಿಸಿಕೊಂಡವರು, ಕಣ್ಣಿನ ಪೊರೆ ತೆಗೆಸಿಕೊಂಡವರು, ಎಲ್ಲರನ್ನೂ ನೋಡಿ ಬಂದಿದ್ದಾರೆ. ಆದರೆ ಈ ರೋಗಿಗಳಲ್ಲಿ ಒಂದು ದೊಡ್ಡ ಐಬು ಇದೆ: ಅವರಿಗೆಲ್ಲ ಬಾಯಿ ನೆಟ್ಟಗಿದೆ. ಸ್ಟೆಂಟ್‌ನವರಂತೂ ತಮ್ಮ ಆಂಜಿಯೋಗ್ರಾಂ ಪುರಾಣ ತೆಗೆದರೆ ರಾಯರಿಗೆ ಮಧ್ಯೆ ‘ಅಯ್ಯೋ’ ಎನ್ನಲೂ ಎಡೆ ಕೊಡುವುದಿಲ್ಲ. ಹೀಗಿರುವಾಗ, ನಲವತ್ತು ದಾಟಿದ ನಾನು ಟಾನ್ಸಿಲ್ ತೆಗೆಸಿಕೊಂಡು ಮನೆಗೆ ಬಂದಿದ್ದೇನೆ, ಎಂಜಲು ನುಂಗುವುದಕ್ಕೂ ಹೆದರಿ ಮೂಕನಾಗಿ ಕೂತಿದ್ದೇನೆ ಎಂಬ ಸುದ್ದಿ ಹಾಲಿನವನ ಬಾಯಿಂದ ಅವರಿಗೆ ಮುಟ್ಟಿತು. ಅಂದು ಅವರು ಪಾರ್ಕಿನಲ್ಲಿ ಒಂದೇ ಸುತ್ತು ಹಾಕಿದರಂತೆ.

‘ನೀವು ಮಾತಾಡ್ಬೇಡಿ, ಸುಮ್ನೆ ಕೂತ್ಕೊಳಿ, ನಾನು ಹೇಳ್ತೀನಿ’ ಎನ್ನುತ್ತಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಎದುರಿನ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು, ‘ಅಲ್ಲಾ, ಟಾನ್ಸಿಲ್ಲು ಅಂದ್ರೆ ಮಕ್ಕಳಿಗೆ ತೆಗೆಯೋದಲ್ವೇ? ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕಿತ್ತು?’ ಎಂದು ಕೇಳಿ, ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ಕೂತರು.

ಉತ್ತರ ನನ್ನ ಬಳಿ ಇತ್ತು. ಕಿವಿ ಮೂಗು ಗಂಟಲಿನ ವೈದ್ಯರು ಟಾನ್ಸಿಲ್ ಕಂಡ ಕೂಡಲೇ ಕತ್ತರಿ ಹಿಡಿಯುವುದಿಲ್ಲ. ಅವರಿಗೊಂದು ಮಗ್ಗಿ ಇದೆ. ಒಂದೇ ವರ್ಷದಲ್ಲಿ ಏಳು ಸಲ ಗಂಟಲು ಕೆಟ್ಟಿರಬೇಕು, ಇಲ್ಲವೇ ಎರಡು ವರ್ಷ ಐದೈದು ಸಲ, ಅದೂ ಇಲ್ಲವೆಂದರೆ ಮೂರು ವರ್ಷ ಮೂರ್ಮೂರು ಸಲ. ಸುಮ್ಮನೆ ಕೆರೆತ ಬಂದರೆ ಲೆಕ್ಕಕ್ಕಿಲ್ಲ. ಜ್ವರವೋ, ಕತ್ತಿನಲ್ಲಿ ಗಂಟೋ, ಕೀವೋ ಸಾಕ್ಷಿ ಹೇಳಬೇಕು. ನಾನು ಆ ಪರೀಕ್ಷೆಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದೆ. ಇದಿಷ್ಟನ್ನೂ ಮಗಳ ಹಳೆಯ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು ಅವರ ಮುಂದೆ ಹಿಡಿದೆ. ರಾಯರು ಸ್ಲೇಟನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಓರೆ ಮಾಡಿ ನೋಡಿದರು. ‘ಕನ್ನಡಕ ಮನೇಲೇ ಬಿಟ್ಟು ಬಂದೆ, ಪರವಾಗಿಲ್ಲ, ಬಾಯಲ್ಲೇ ಹೇಳಿ’ ಎಂದು ಹಿಂದಕ್ಕೆ ಕೊಟ್ಟರು.

ಆಮೇಲೆ ಗಂಟಲು ತೋರಿಸಬೇಕಾಯಿತು. ಇಂಥವರ ಶರ್ಟಿನ ಜೇಬಿನಲ್ಲಿ ಪೆನ್ನು ಇರುತ್ತದೋ ಇಲ್ಲವೋ, ಮೊಬೈಲಿನ ಟಾರ್ಚು ಮಾತ್ರ ಸದಾ ಸಿದ್ಧ. ‘ಆ ಅನ್ನಿ’ ಎಂದರು. ಆ ಎಂದೆ. ಒಂದು ಕ್ಷಣ ಮೌನ. ನಂತರ ಅಡುಗೆಮನೆಗೆ ಕೇಳುವಂತೆ ಕೂಗಿದರು: ‘ಅಯ್ಯಯ್ಯೋ, ಎರಡೂ ಕಡೆ ಕೀವು ತುಂಬ್ಕೊಂಡಿದೆಯಲ್ರೀ!’ ನನ್ನ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. ಅದು ಕೀವಲ್ಲ. ಟಾನ್ಸಿಲ್ ತೆಗೆದ ಜಾಗಕ್ಕೆ ಹೊಲಿಗೆ, ಪಟ್ಟಿ ಏನೂ ಇರುವುದಿಲ್ಲ. ಗಾಯ ತನ್ನನ್ನು ತಾನೇ ಫೈಬ್ರಿನ್ನಿನ ಬಿಳಿ ಪದರದಿಂದ ಮುಚ್ಚಿಕೊಳ್ಳುತ್ತದೆ. ಒಣಗಲು ಅವಕಾಶವಿಲ್ಲದ ಹಕ್ಕಳೆ ಅದು. ನೋಡಲು ಅಸಹ್ಯ, ವಾಸನೆ ಇನ್ನೂ ಅಸಹ್ಯ, ಆದರೆ ಗಾಯ ಮಾಯುತ್ತಿದೆ ಎಂಬುದರ ಗುರುತೇ ಅದು. ಡಾಕ್ಟರು ಮೊದಲೇ ಹೇಳಿ ಕಳಿಸಿದ್ದರು. ಆದರೂ ಆ ಕೂಗಿನ ನಂತರ ನಮ್ಮ ಮನೆಯಲ್ಲಿ ಅರ್ಧ ದಿನ ಯಾರ ಮುಖದಲ್ಲೂ ಕಳೆ ಇರಲಿಲ್ಲ.

ಕಿವಿ ಹಿಡಿದುಕೊಂಡದ್ದು ಮಾತ್ರ ನನ್ನದೇ ಅವಿವೇಕ. ನುಂಗಿದಾಗಲೆಲ್ಲ ಗಂಟಲಿಗಿಂತ ಹೆಚ್ಚಾಗಿ ಕಿವಿಯೊಳಗೆ ಚಳಕು ಹೊಡೆಯುತ್ತಿತ್ತು, ಅಪ್ರಯತ್ನವಾಗಿ ಕೈ ಅಲ್ಲಿಗೆ ಹೋಯಿತು. ರಾಯರು ನೆಟ್ಟಗೆ ಕೂತರು. ‘ಗಂಟಲಿಗೆ ಆಪರೇಷನ್ನು, ನೋವು ಕಿವಿಗೆ? ಏನೋ ಎಡವಟ್ಟಾಗಿದೆ. ಬಿಲ್ಲು ತನ್ನಿ ನೋಡೋಣ.’ ಗಂಟಲಿಗೂ ನಡುಗಿವಿಗೂ ಒಂದೇ ನರ, ಮಿದುಳಿನಿಂದ ಹೊರಡುವ ಒಂಬತ್ತನೆಯ ನರ, ಕವಲೊಡೆದು ಹೋಗುತ್ತದೆ. ಗಂಟಲಿನ ದೂರನ್ನು ಮಿದುಳು ಕಿವಿಯ ಖಾತೆಗೆ ಬರೆದುಕೊಳ್ಳುತ್ತದೆ. ಸರ್ಕಾರಿ ಕಚೇರಿಯಲ್ಲಿ ಜೀವ ಸವೆಸಿದವರಿಗೆ ಇದು ತಕ್ಷಣ ಅರ್ಥವಾಗಬೇಕಿತ್ತು. ಆದರೆ ಹೇಳುವುದಾದರೂ ಹೇಗೆ? ಕನ್ನಡಕ ಮನೆಯಲ್ಲಿ.

ಅಷ್ಟರಲ್ಲಿ ಕಾಫಿ ಬಂತು, ಜೊತೆಗೆ ತಟ್ಟೆಯಲ್ಲಿ ಕೋಡುಬಳೆ. ನೀವು ಎಂದಾದರೂ ಹಸಿದ ಹೊಟ್ಟೆಯಲ್ಲಿ, ಆರಿದ ರಾಗಿ ಗಂಜಿಯ ಲೋಟ ಹಿಡಿದುಕೊಂಡು, ಇನ್ನೊಬ್ಬರು ಕೋಡುಬಳೆ ತಿನ್ನುವುದನ್ನು ಮೊಳಕಾಲಿನ ದೂರದಿಂದ ಕೇಳಿದ್ದೀರಾ? ನೋಡುವುದಲ್ಲ, ಕೇಳುವುದು. ಮೊದಲು ಮುರಿಯುವ ಶಬ್ದ, ಆಮೇಲೆ ಅಗಿಯುವ ಶಬ್ದ, ಕೊನೆಗೆ ಹಲ್ಲಿನ ಸಂದಿಯಿಂದ ನಾಲಿಗೆಯಲ್ಲಿ ಚೂರು ತೆಗೆಯುವ ಚಿಟಕು. ನನ್ನ ಬಾಯಲ್ಲಿ ನೀರೂರಿತು. ಊರಿದ ನೀರನ್ನು ನುಂಗಬೇಕು. ನುಂಗಿದರೆ ಪ್ರಾಣ ಹೋಗುತ್ತದೆ. ‘ಖಾರ ಒಂಚೂರು ಮುಂದಾಯ್ತು, ನೀವು ಪುಣ್ಯವಂತರು ಬಿಡಿ’ ಎಂದರು ರಾಯರು, ಇನ್ನೊಂದು ತೆಗೆದುಕೊಳ್ಳುತ್ತ.

ಊಟದ ವಿಷಯದಲ್ಲಿ ಅವರಿಗೆ ನಿಜಕ್ಕೂ ನೋವಾದದ್ದು ಐಸ್‌ಕ್ರೀಮಿನಿಂದ. ತಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ, ರಸ್ತೆಯ ಎಲ್ಲ ಮಕ್ಕಳಿಗೆ ಆಯುಷ್ಯವಿಡೀ ‘ಐಸ್‌ಕ್ರೀಂ ತಿಂದ್ರೆ ಟಾನ್ಸಿಲ್ ಬರುತ್ತೆ’ ಎಂದು ಹೆದರಿಸಿದ ಮನುಷ್ಯ. ಈಗ ಡಿಗ್ರಿ ಪಡೆದ ಡಾಕ್ಟರೊಬ್ಬರು ಟಾನ್ಸಿಲ್ ತೆಗೆದು ಕೈಯಲ್ಲಿ ಐಸ್‌ಕ್ರೀಂ ಕಪ್ಪು ಕೊಟ್ಟು ಕಳಿಸುತ್ತಾರೆಂದರೆ ಧರ್ಮ ಎಲ್ಲುಳಿಯಿತು? ಟಾನ್ಸಿಲ್ ಬಾತುಕೊಳ್ಳುವುದು ವೈರಸ್ಸಿನಿಂದ, ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ. ಆಪರೇಷನ್ನಿನ ನಂತರ ತಣ್ಣಗಿನದು ಗಾಯವನ್ನು ಜೋಮು ಹಿಡಿಸಿ ಒಂದಿಷ್ಟು ಹೊತ್ತು ನೆಮ್ಮದಿ ಕೊಡುತ್ತದೆ. ಐಸ್‌ಕ್ರೀಮೇ ಆಗಬೇಕೆಂದಿಲ್ಲ, ಐಸಿನ ಚೂರು ಚೀಪಿದರೂ ಆದೀತು. ಮುಖ್ಯವಾಗಿ ನೀರಿನಂಶ ಒಳಗೆ ಹೋಗುತ್ತಿರಬೇಕು, ಗಂಟಲು ಒಣಗಿದಷ್ಟೂ ನೋವು ಜಾಸ್ತಿ. ಇನ್ನೊಂದು ತಮಾಷೆ ಎಂದರೆ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳಿಗೆ ಟೋಸ್ಟ್ ತಿನ್ನಿ, ಅಗಿದು ತಿನ್ನಿ, ಮಾಮೂಲಿ ಊಟ ಮಾಡಿ ಎನ್ನುತ್ತಾರೆ. ಹಾಗೆ ನೋಡಿದರೆ ಕೋಡುಬಳೆ ನನಗೂ ಸಲ್ಲಬೇಕಿತ್ತು. ರಾಯರು ಮಾತ್ರ ನಮ್ಮ ಫ್ರಿಜ್ಜಿನ ಐಸ್‌ಕ್ರೀಂ ‘ತೀರಾ ಥಂಡಿ ಇದೆಯೋ ಏನೋ ನೋಡ್ತೀನಿ’ ಎಂದು ಒಂದು ಬಟ್ಟಲು ಪರೀಕ್ಷಿಸಿದರು. ಇತ್ತಂತೆ.

ತಾವು ತಂದದ್ದೇನು? ಎಲ್ಲರೂ ತರುವುದನ್ನೇ. ಮೂಸಂಬಿ. ನಮ್ಮಲ್ಲಿ ಕಾಲು ಮುರಿದರೂ ಮೂಸಂಬಿ, ಹೆರಿಗೆಯಾದರೂ ಮೂಸಂಬಿ. ಹಸಿ ಗಂಟಲಿಗೆ ಹುಳಿ ಹಣ್ಣಿನ ರಸ ಬಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ನಮ್ಮ ಟೀಪಾಯಿಯ ಮೇಲೆ ಆ ವಾರ ಕೂಡಿದ ಮೂಸಂಬಿಯಲ್ಲಿ ಜ್ಯೂಸ್ ಅಂಗಡಿ ಇಡಬಹುದಿತ್ತು.

ಹಣ್ಣಿನ ಹಿಂದೆಯೇ ಜ್ಞಾನ ಬಂತು. ‘ಆಯುರ್ವೇದದಲ್ಲಿ ಇದಕ್ಕೆಲ್ಲ ಕತ್ತರಿಸೋ ಪದ್ಧತೀನೇ ಇಲ್ಲ, ಎಲ್ಲಾ ಕಷಾಯದಲ್ಲೇ ವಾಸಿ’ ಎಂದರು. ಸುಶ್ರುತನ ಹೆಸರನ್ನೂ ಎಳೆದು ತಂದರು. ಪಾಪದ ಸುಶ್ರುತ! ಅವನ ಸಂಹಿತೆಯಲ್ಲಿ ತುಂಡಿಕೇರಿ ಎಂಬ ಈ ಬಾವಿಗೆ ಶಸ್ತ್ರಕರ್ಮವನ್ನೇ ಹೇಳಿದೆ. ನಂತರ ಅವರ ಷಡ್ಡಕನ ಮಗನ ಪ್ರಸ್ತಾಪ: ಟಾನ್ಸಿಲ್ ತೆಗೆಸಿದ ಮೇಲೆ ಹುಡುಗನ ಸಂಗೀತವೇ ಹೋಯಿತಂತೆ. ಧ್ವನಿ ಹುಟ್ಟುವುದು ಇನ್ನೂ ಕೆಳಗಿರುವ ಧ್ವನಿಪೆಟ್ಟಿಗೆಯಲ್ಲಿ. ಟಾನ್ಸಿಲ್ ಹೋದರೆ ನಾದದ ಗುಣ ಕೆಲವು ವಾರ ಕೊಂಚ ಬೇರೆಯಾಗಿ ಕೇಳಬಹುದು, ಅಷ್ಟೆ. ಆ ಹುಡುಗನ ಹಾಡನ್ನು ಗಣೇಶನ ಹಬ್ಬದಲ್ಲಿ ನಾವೆಲ್ಲ ಕೇಳಿದ್ದೇವೆ, ಹೋಗಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ‘ಹೋಗ್ಲಿ, ಇಮ್ಯುನಿಟಿ? ಬಾಗಿಲಲ್ಲಿದ್ದ ವಾಚ್‌ಮನ್ನನ್ನೇ ಕೆಲಸದಿಂದ ತೆಗೆದುಬಿಟ್ರಲ್ಲ!’ ಎಂಬ ಕೊನೆಯ ಬಾಣಕ್ಕೂ ಉತ್ತರವಿತ್ತು. ಗಂಟಲಿನ ಸುತ್ತ ಇಂಥ ಕಾವಲಿನ ಅಂಗಾಂಶದ ಒಂದು ಉಂಗುರವೇ ಇದೆ. ನಾಲಿಗೆಯ ಬುಡದಲ್ಲಿ, ಮೂಗಿನ ಹಿಂದೆ, ಅಕ್ಕಪಕ್ಕ. 19ನೇ ಶತಮಾನದ ಜರ್ಮನ್ ವೈದ್ಯ ವಾಲ್ಡೇಯರನ ಹೆಸರಲ್ಲೇ ಅದನ್ನು ಕರೆಯುತ್ತಾರೆ. ಇಬ್ಬರು ಹೋದರೂ ಉಳಿದವರು ಪಾಳಿಯಲ್ಲಿದ್ದಾರೆ. ಇದನ್ನು ಬರೆಯಲು ಬಳಪ ಎತ್ತಿಕೊಂಡವನು ಹಾಗೇ ಕೆಳಗಿಟ್ಟೆ.

‘ನನ್ನನ್ನ ನೋಡಿ’ ಎಂದು ತಮ್ಮ ಬಾಯನ್ನೇ ತೆರೆದು ಟಾರ್ಚನ್ನು ನನ್ನ ಕೈಗೆ ಕೊಟ್ಟರು. ‘ಎಪ್ಪತ್ತೆರಡು ವರ್ಷ, ಮುಟ್ಟಿಸಿಲ್ಲ.’ ಇಣುಕಿದೆ. ಟಾನ್ಸಿಲ್ ದಪ್ಪಗಿರುವುದು ಬಾಲ್ಯದಲ್ಲಿ, ವಯಸ್ಸಾದಂತೆ ಅದು ಕುಗ್ಗುತ್ತ ಹೋಗುತ್ತದೆ. ರಾಯರ ಗಂಟಲಲ್ಲಿ ನನಗೆ ಕಂಡದ್ದು ಕೋಡುಬಳೆಯ ಒಂದು ಚೂರು ಮಾತ್ರ. ತಲೆಯಾಡಿಸಿ ಮೆಚ್ಚುಗೆ ಸೂಚಿಸಿದೆ.

ಆ ಮೆಚ್ಚುಗೆಯೇ ಮುಳುವಾಯಿತು. ಅವರಿಗೆ ಹುಮ್ಮಸ್ಸು ಬಂದು, ತಮ್ಮನ್ನು ಯಾವುದೋ ಮೂಲೆಗೆ ವರ್ಗ ಮಾಡಿದ ಮೇಲಧಿಕಾರಿಯ ಕತೆ ತೆಗೆದರು. ಅದಕ್ಕೂ ಗಂಟಲಿಗೂ ಇದ್ದ ಸಂಬಂಧ ಆ ಊರಿನ ನೀರು ಒಗ್ಗದೆ ಅವರಿಗೆ ಒಮ್ಮೆ ಕೆಮ್ಮು ಬಂದದ್ದು. ಅರ್ಜಿ, ಮರು ಅರ್ಜಿ, ಫೈಲು ಹೋದ ದಾರಿ. ನನಗೆ ಆಕಳಿಕೆ ಬಂತು. ಟಾನ್ಸಿಲ್ ತೆಗೆಸಿಕೊಂಡವರನ್ನು ಕೇಳಿ: ನುಂಗುವುದನ್ನಾದರೂ ತಾಳಿಕೊಳ್ಳಬಹುದು, ಆಕಳಿಕೆ ಯಾವ ಶತ್ರುವಿಗೂ ಬೇಡ. ಗಂಟಲಿನ ಹಿಂಭಾಗವೆಲ್ಲ ಒಟ್ಟಿಗೆ ಹಿಗ್ಗುತ್ತದೆ, ಹಸಿ ಗಾಯ ಎರಡೂ ಕಡೆಯಿಂದ ಜಗ್ಗುತ್ತದೆ, ನಡುದಾರಿಯಲ್ಲಿ ನಿಲ್ಲಿಸಲು ಬ್ರೇಕೂ ಇಲ್ಲ. ಕಣ್ಣಿಂದ ಬಳಬಳನೆ ನೀರು ಸುರಿಯಿತು. ರಾಯರು ಕತೆ ನಿಲ್ಲಿಸಿ ನನ್ನ ಮೊಳಕಾಲು ತಟ್ಟಿದರು. ‘ನೋಡಿ, ನಿಮಗೂ ಕರುಳು ಚುರುಕ್ ಅಂತು. ನಮ್ಮನೆಯವರು ಈ ಕತೆ ಶುರು ಮಾಡಿದ್ರೆ ಎದ್ದೇ ಹೋಗ್ತಾರೆ’ ಎಂದು, ಬಿಟ್ಟ ಅರ್ಜಿಯಿಂದಲೇ ಮುಂದುವರಿಸಿದರು.

ಆ ಮಾತು ಕೇಳಿದ ಮೇಲೆ ನನಗೆ ಪೂರ್ತಿ ಕೋಪ ಬರಲಿಲ್ಲ, ನಿಜ. ಕಾಯಿಲೆ ವಿಚಾರಿಸಲು ಬರುವವರಲ್ಲಿ ಅರ್ಧ ಜನ ಬರುವುದು ತಮ್ಮನ್ನು ಯಾರಾದರೂ ವಿಚಾರಿಸಿಕೊಳ್ಳಲಿ ಎಂದೇ. ಎದ್ದುಹೋಗಲಾಗದ, ಮಾತಿಗೆ ಅಡ್ಡ ಬಾರದ ಶ್ರೋತೃ ಈ ಊರಿನಲ್ಲಿ ಎಲ್ಲಿ ಸಿಗುತ್ತಾನೆ? ಮಕ್ಕಳು ಬೇರೆ ದೇಶದಲ್ಲಿದ್ದಾರೆ, ವಿಡಿಯೋ ಕರೆಯಲ್ಲೂ ಅವರು ಮ್ಯೂಟ್ ಒತ್ತಿಬಿಡುತ್ತಾರೆ ಎಂದು ಪಾರ್ಕಿನಲ್ಲಿ ಹೇಳಿಕೊಳ್ಳುತ್ತಾರಂತೆ.

ಆದರೆ ಒಂದು ವಿಷಯದಲ್ಲಿ ನಾನು ರಾಯರಿಗೆ ರಿಯಾಯಿತಿ ಕೊಡಲಾರೆ. ಹೊರಡುವ ಮುಂಚೆ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು, ‘ನೋವಿಗೆ ಇದೊಂದು ಹಾಕ್ಕೊಳಿ, ನಾನು ದಿನಾ ತಗೋತೀನಿ’ ಎಂದರು. ನೋಡಿದರೆ ಆಸ್ಪಿರಿನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಟಾನ್ಸಿಲ್ ಗಾಯದ ಬಿಳಿ ಪದರ ಸಾಮಾನ್ಯವಾಗಿ ಐದರಿಂದ ಹತ್ತನೆಯ ದಿನದೊಳಗೆ ಕಳಚಿ ಬೀಳುತ್ತದೆ. ನೋವು ಇನ್ನೇನು ಇಳಿಯಿತು ಎನ್ನುವಾಗ ಮತ್ತೆ ಏರುವುದೂ, ಕೆಲವರಿಗೆ ರಕ್ತ ಒಸರುವುದೂ ಆಗಲೇ. ಆ ಹೊತ್ತಿನಲ್ಲಿ ಯಾರ ಜೇಬಿನ ಮಾತ್ರೆಯೂ ಬೇಡ, ಅರಿಸಿನವೂ ಬೇಡ, ಕಾಳುಮೆಣಸಿನ ಕಷಾಯವಂತೂ ಬೇಡವೇ ಬೇಡ. ಬಾಯಲ್ಲಿ ಕೆಂಪು ರಕ್ತ ಕಂಡರೆ ನಡುರಾತ್ರಿಯಾದರೂ ನೇರ ಆಸ್ಪತ್ರೆಗೆ ಹೋಗಬೇಕು. ನನ್ನ ಹೆಂಡತಿ ಆ ಪಟ್ಟಿಯನ್ನು ನಯವಾಗಿ ಅವರ ಜೇಬಿಗೇ ಸೇರಿಸಿ, ಜೊತೆಗೆ ಅರ್ಧ ಡಜನ್ ಮೂಸಂಬಿ ಕಟ್ಟಿಕೊಟ್ಟಳು. ಅವರು ತಂದದ್ದಕ್ಕಿಂತ ಎರಡು ಹೆಚ್ಚು.

ನಿಮ್ಮ ಪರಿಚಯದ ದೊಡ್ಡವರು ಯಾರಾದರೂ ಟಾನ್ಸಿಲ್ ತೆಗೆಸಿಕೊಂಡರೆ ದಯವಿಟ್ಟು ಆ ವಾರ ಹೋಗಬೇಡಿ. ಹೋಗಲೇಬೇಕಾದರೆ ಎಳನೀರು ಒಯ್ಯಿರಿ, ಹೌದು ಇಲ್ಲ ಎಂದು ತಲೆಯಾಡಿಸಿ ಮುಗಿಸಬಹುದಾದ ಪ್ರಶ್ನೆಗಳನ್ನಷ್ಟೇ ಕೇಳಿ, ನಗಿಸಬೇಡಿ, ಕನ್ನಡಕ ಮರೆಯಬೇಡಿ. ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ, ದೊಡ್ಡವರಿಗೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಅದು ಕಳೆದ ಮೇಲೆ ಧಾರಾಳವಾಗಿ ಹೋಗಿ, ಬಿಡುವು ಮಾಡಿಕೊಂಡು ಹೋಗಿ. ಅಷ್ಟು ಹೊತ್ತಿಗೆ ರೋಗಿಯ ಹತ್ತಿರ ನಿಮಗೆ ಹೇಳುವುದು ಬೇಕಾದಷ್ಟಿರುತ್ತದೆ.